ಮನೆ ಮುಂದೆ ನಿಂತ ವಾಹನಕ್ಕೆ ಕಾವಲು ಯಾರು?

ಬೆಂಗಳೂರು: ಮಧ್ಯಮ ವರ್ಗದ ಕುಟುಂಬವೊಂದು ಮನೆಯ ನಂತರ ಅತಿ ಹೆಚ್ಚು ಹಣ ತೊಡಗಿಸುವ ವಸ್ತು ವಾಹನ. ಮನೆಯೊಳಗಿನ ಒಡವೆಗೆ ಬೀರು, ಬೀರುವಿಗೆ ಬೀಗ, ಮುಂಬಾಗಿಲಿಗೆ ಚಿಲಕ ಎಂದು ಮೂರು ಮೂರು ಕಾವಲು ಇರುತ್ತದೆ. ಅದೇ ಮನೆಯ ಹತ್ತು ಲಕ್ಷ ರೂಪಾಯಿಯ ಕಾರು ಮಾತ್ರ ಇಡೀ ರಾತ್ರಿ ಬೀದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಕಚೇರಿ, ಮಾರುಕಟ್ಟೆ, ಸಿನಿಮಾ ಮಂದಿರಗಳಲ್ಲಿ ವಾಹನ ನಿಲ್ಲಿಸುವಾಗ ತೋರುವ ಎಚ್ಚರವನ್ನು ಮನೆ ಮುಂದೆ ನಿಲ್ಲಿಸುವಾಗ ಹೆಚ್ಚಿನವರು ತೋರುವುದಿಲ್ಲ. ಕಳ್ಳನಿಗೆ ಅನುಕೂಲವಾಗುವುದು ಇದೇ ನಿರಾಳ ಭಾವ.

ವಾಹನ ಹೋದರೆ ಹೋಗುವುದು ವಾಹನವೊಂದೇ ಅಲ್ಲ. ಸಾಲ ಮಾಡಿ ಕೊಂಡ ಕಾರಾದರೆ ಕಾರಿಲ್ಲದಿದ್ದರೂ ಬ್ಯಾಂಕಿನ ಕಂತು ನಿಲ್ಲದು. ಆಟೋರಿಕ್ಷಾ ಅಥವಾ ಸರಕು ಸಾಗಿಸುವ ವಾಹನವಾದರೆ ಮರುದಿನದ ದುಡಿಮೆಯೇ ನಿಂತುಹೋಗುತ್ತದೆ. ಸೂಕ್ತ ವಿಮೆ ಇಲ್ಲದಿದ್ದರೆ ಆ ನಷ್ಟವನ್ನು ತುಂಬಿಕೊಡುವವರು ಯಾರೂ ಇರುವುದಿಲ್ಲ.

ಯಾವ ಬೀಗ, ಯಾವ ಯಂತ್ರ ಹಾಕಿದರೆ ವಾಹನ ಸಂಪೂರ್ಣ ಸುರಕ್ಷಿತ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕಳ್ಳನಿಗೆ ಬೇಕಾಗುವ ಸಮಯವನ್ನು ಹೆಚ್ಚಿಸುವ ಹಲವು ಅಡ್ಡಿಗಳನ್ನು ಒಂದರ ಮೇಲೊಂದರಂತೆ ಒಡ್ಡುವುದು ಮೊದಲ ಕೆಲಸ. ಅವೆಲ್ಲವನ್ನೂ ಮೀರಿ ಕಳವು ನಡೆದರೆ ನಷ್ಟ ಭರ್ತಿಯಾಗುವಂತೆ ಕೀಲಿ, ಕಾಗದಪತ್ರ ಮತ್ತು ವಿಮೆಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಎರಡನೆಯ ಕೆಲಸ.

ಕಳ್ಳ ಲೆಕ್ಕ ಹಾಕುವುದೇನು?

ವಾಹನ ಕಳವು ಮಾಡುವವನು ಮುಖ್ಯವಾಗಿ ಮೂರು ಸಂಗತಿಗಳನ್ನು ಗಮನಿಸುತ್ತಾನೆ. ಎಷ್ಟು ಹೊತ್ತು ಬೇಕು, ಎಷ್ಟು ಸದ್ದಾಗುತ್ತದೆ ಮತ್ತು ಯಾರ ಕಣ್ಣಿಗಾದರೂ ಬೀಳುವ ಸಾಧ್ಯತೆ ಎಷ್ಟು. ಒಂದೇ ಬೀದಿಯಲ್ಲಿ ಒಂದೇ ಮಾದರಿಯ ಎರಡು ಕಾರುಗಳಿದ್ದು, ಒಂದರ ಸ್ಟಿಯರಿಂಗ್‌ಗೆ ದಪ್ಪನೆಯ ಬೀಗ ಬಿದ್ದಿದ್ದರೆ ಆತ ಇನ್ನೊಂದರತ್ತ ತಿರುಗುವುದು ಸಹಜ. ಬೀಗವನ್ನು ಮುರಿಯಲು ಬರುವುದಿಲ್ಲವೆಂದಲ್ಲ. ಮುರಿಯಲು ಬೇಕಾಗುವ ಐದು ನಿಮಿಷ ಅವನ ಪಾಲಿಗೆ ದುಬಾರಿ.

ರಾಜ್ಯದ ನಗರಗಳ ಬಡಾವಣೆಗಳ ರಚನೆಯೂ ಇಲ್ಲಿ ಪಾತ್ರ ವಹಿಸುತ್ತದೆ. 20x30, 30x40 ಅಳತೆಯ ನಿವೇಶನಗಳಲ್ಲಿ ಎರಡು ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಡುವುದು ವಾಡಿಕೆ. ನೆಲಮಹಡಿಯ ಜಾಗ ಒಂದು ಕಾರಿಗೆ ಸಾಕಾದರೆ ಉಳಿದ ಮನೆಗಳವರ ವಾಹನಗಳು ರಸ್ತೆಯಂಚಿಗೆ ಬರುತ್ತವೆ. ಹೀಗೆ ಹೊರಗೆ ನಿಲ್ಲುವ ವಾಹನ ಯಾರದು, ಅದನ್ನು ತೆಗೆಯುತ್ತಿರುವವನು ಮಾಲೀಕನೋ ಅಪರಿಚಿತನೋ ಎಂಬುದು ಎದುರು ಮನೆಯವರಿಗೂ ತಿಳಿದಿರುವುದಿಲ್ಲ. ನೆರೆಯವರಿಗೆ ವಾಹನದ ಪರಿಚಯ ಮಾಡಿಸುವುದು, ಊರಿಗೆ ಹೋಗುವಾಗ ಒಂದು ಮಾತು ಹೇಳಿ ಹೋಗುವುದು ಖರ್ಚಿಲ್ಲದ ಕಾವಲು.

ಕೀಲಿಯೊಳಗಿನ ಚಿಪ್

ಇಂದಿನ ಬಹುತೇಕ ಕಾರುಗಳಲ್ಲಿ ‘ಇಮ್ಮೊಬಿಲೈಸರ್’ ಎಂಬ ವ್ಯವಸ್ಥೆಯಿದೆ. ಕೀಲಿಯ ಹಿಡಿಯೊಳಗೆ ಚಿಕ್ಕದೊಂದು ಚಿಪ್ ಇರುತ್ತದೆ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಇಗ್ನಿಷನ್ ಸುತ್ತಲಿನ ತಂತಿಯ ಸುರುಳಿ ಹೊಮ್ಮಿಸುವ ರೇಡಿಯೋ ತರಂಗದಿಂದಲೇ ಶಕ್ತಿ ಪಡೆದು ಅದು ತನ್ನ ಗುರುತಿನ ಸಂಕೇತವನ್ನು ಕಳುಹಿಸುತ್ತದೆ. ಸಂಕೇತ ಹೊಂದಿಕೆಯಾದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಹೀಗಾಗಿ ಹಳೆಯ ಕಾರುಗಳಂತೆ ಎರಡು ತಂತಿ ಕೂಡಿಸಿ ಕಾರನ್ನು ಓಡಿಸುವ ತಂತ್ರ ಇಲ್ಲಿ ನಡೆಯುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ 1998ರಿಂದ ಇದು ಕಡ್ಡಾಯ.

ಈ ಚಿಕ್ಕ ಚಿಪ್‌ನ ಬೆಲೆ ಎಷ್ಟೆಂಬುದು ಅಮೆರಿಕದಲ್ಲಿ ಸಾಬೀತಾಯಿತು. ಅಲ್ಲಿ ಮಾರಾಟವಾದ 2015ರ ಮಾದರಿಯ ಹ್ಯುಂಡೈ ಮತ್ತು ಕಿಯಾ ವಾಹನಗಳ ಪೈಕಿ ಶೇ 26ರಷ್ಟಕ್ಕೆ ಮಾತ್ರ ಇಮ್ಮೊಬಿಲೈಸರ್ ಇತ್ತು. ಇತರ ಕಂಪನಿಗಳ ವಾಹನಗಳಲ್ಲಿ ಈ ಪ್ರಮಾಣ ಶೇ 96. ಸ್ಟಿಯರಿಂಗ್ ಕೆಳಗಿನ ಹೊದಿಕೆ ಕಿತ್ತು, ಫೋನ್ ಚಾರ್ಜ್ ಮಾಡುವ ಕೇಬಲ್‌ನ ತುದಿಯಿಂದ ಇಗ್ನಿಷನ್ ತಿರುಗಿಸುವ ವಿಡಿಯೋಗಳು ಕೆಲವೇ ತಿಂಗಳಲ್ಲಿ ಹರಡಿ, 2021 ಮತ್ತು 2022ರಲ್ಲಿ ಹಲವು ನಗರಗಳಲ್ಲಿ ಈ ಕಾರುಗಳ ಕಳವು ವಿಪರೀತವಾಯಿತು. ಇಂಥ ಕಳವುಗಳಿಗೆ ಸಂಬಂಧಿಸಿ ಕನಿಷ್ಠ 14 ಅಪಘಾತಗಳು ಮತ್ತು 8 ಸಾವುಗಳು ವರದಿಯಾಗಿವೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಸುಮಾರು 83 ಲಕ್ಷ ವಾಹನಗಳಿಗೆ ಹೊಸ ಸಾಫ್ಟ್‌ವೇರ್ ಅಳವಡಿಸಲು ಕಂಪನಿಗಳು ಮುಂದಾಗಬೇಕಾಯಿತು.

ಹಳೆಯ ಕಾರು ಇರುವವರು, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ತಮ್ಮ ವಾಹನದಲ್ಲಿ ಇಮ್ಮೊಬಿಲೈಸರ್ ಇದೆಯೇ ಎಂಬುದನ್ನು ಅಧಿಕೃತ ಸೇವಾ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬಾಗಿಲು ತೆರೆಯುವ ರಿಮೋಟ್ ಇದ್ದ ಮಾತ್ರಕ್ಕೆ ಇಮ್ಮೊಬಿಲೈಸರ್ ಇದೆ ಎಂದು ಭಾವಿಸಬಾರದು. ಎರಡೂ ಬೇರೆ ಬೇರೆ ವ್ಯವಸ್ಥೆಗಳು.

ಗೋಡೆ ದಾಟುವ ಸಂಕೇತ

ಕೀಲಿಯನ್ನು ಜೇಬಿನಿಂದ ತೆಗೆಯದೆ ಬಾಗಿಲು ತೆರೆದು, ಗುಂಡಿ ಒತ್ತಿ ಕಾರು ಚಾಲೂ ಮಾಡುವ ಸೌಲಭ್ಯ ಈಗ ಸಾಮಾನ್ಯ. ಕಾರು ಹೊರಡಿಸುವ ದುರ್ಬಲ ಸಂಕೇತ ಒಂದೆರಡು ಮೀಟರ್‌ನಷ್ಟು ದೂರ ಮಾತ್ರ ತಲುಪುತ್ತದೆ. ಆ ಅಂತರದೊಳಗೆ ಕೀಲಿ ಇದ್ದರೆ ಅದು ಉತ್ತರ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ಕೀಲಿ ಹತ್ತಿರವಿದೆ ಎಂದರೆ ಮಾಲೀಕನೂ ಹತ್ತಿರವಿದ್ದಾನೆ ಎಂಬ ನಂಬಿಕೆಯೇ ಇದರ ತಳಹದಿ.

ಕಳ್ಳರು ಮುರಿಯುವುದು ಈ ನಂಬಿಕೆಯನ್ನು. ಒಬ್ಬ ಕಾರಿನ ಬಳಿ ಒಂದು ಸಾಧನ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಮನೆಯ ಬಾಗಿಲು ಅಥವಾ ಕಿಟಕಿಯ ಬಳಿ ಮತ್ತೊಂದು ಸಾಧನ ಹಿಡಿಯುತ್ತಾನೆ. ಕಾರಿನ ಸಂಕೇತವನ್ನು ಮೊದಲ ಸಾಧನ ಎರಡನೆಯದಕ್ಕೆ ದಾಟಿಸುತ್ತದೆ. ಅದು ಗೋಡೆಯಾಚೆ ಮೊಳೆಗೆ ತೂಗುಹಾಕಿದ ಕೀಲಿಯನ್ನು ತಲುಪುತ್ತದೆ. ಕೀಲಿಯ ಉತ್ತರ ಬಂದೊಡನೆ ಕಾರು ತೆರೆದುಕೊಳ್ಳುತ್ತದೆ. ಗಾಜು ಒಡೆಯುವುದಿಲ್ಲ, ಸೈರನ್ ಕೂಗುವುದಿಲ್ಲ. ಇದಕ್ಕೆ ‘ರಿಲೇ ದಾಳಿ’ ಎನ್ನುತ್ತಾರೆ. ಸ್ವಿಟ್ಜರ್‌ಲೆಂಡ್‌ನ ಇಟಿಎಚ್ ಜೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳಲ್ಲಿ ಇದು ಸಾಧ್ಯವೆಂದು 2011ರಲ್ಲೇ ತೋರಿಸಿದ್ದರು.

ಪರಿಹಾರ ಸರಳ. ಕೀಲಿಯನ್ನು ಮುಂಬಾಗಿಲ ಪಕ್ಕದ ಗೋಡೆಗೆ ತೂಗುಹಾಕುವ ಅಭ್ಯಾಸ ಬಿಡಬೇಕು. ರೇಡಿಯೋ ತರಂಗ ತಡೆಯುವ ಲೋಹಲೇಪಿತ ಚೀಲಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಬಿಗಿಯಾದ ಮುಚ್ಚಳದ ಲೋಹದ ಡಬ್ಬಿಯೂ ಹಲವು ವೇಳೆ ಈ ಕೆಲಸ ಮಾಡುತ್ತದೆ. ಆದರೆ ಪರೀಕ್ಷಿಸದೆ ನಂಬಬಾರದು. ಕೀಲಿಯನ್ನು ಅದರಲ್ಲಿಟ್ಟು ಮುಚ್ಚಿ, ಕಾರಿನ ಬಳಿ ಹಿಡಿದು ಬಾಗಿಲು ತೆರೆಯಲು ಯತ್ನಿಸಬೇಕು. ತೆರೆದುಕೊಂಡರೆ ಆ ಡಬ್ಬಿ ಉಪಯೋಗಕ್ಕಿಲ್ಲ. ಮನೆಯಲ್ಲಿರುವ ಎರಡನೆಯ ಕೀಲಿಗೂ ಇದೇ ನಿಯಮ ಅನ್ವಯಿಸುತ್ತದೆ. ಕೆಲವು ಮಾದರಿಗಳಲ್ಲಿ ಈ ಸೌಲಭ್ಯವನ್ನು ಸ್ಥಗಿತಗೊಳಿಸಲು ಅವಕಾಶವಿದೆ. ಇತ್ತೀಚಿನ ಕೆಲವು ಕೀಲಿಗಳು ಅಲುಗಾಡದೆ ಇದ್ದರೆ ತಾವಾಗಿಯೇ ನಿದ್ರಾವಸ್ಥೆಗೆ ಹೋಗುತ್ತವೆ. ಕಾರಿನ ಕೈಪಿಡಿಯಲ್ಲಿ ಈ ವಿವರ ಇರುತ್ತದೆ.

ಡ್ಯಾಶ್‌ಬೋರ್ಡ್ ಕೆಳಗಿನ ಕಿಂಡಿ

ಚಾಲಕನ ಕಾಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಒಂದು ಕಿಂಡಿ ಇರುತ್ತದೆ. ಗ್ಯಾರೇಜಿನವರು ಕಂಪ್ಯೂಟರ್ ಜೋಡಿಸಿ ವಾಹನದ ದೋಷ ಪತ್ತೆಹಚ್ಚುವುದು ಈ ‘ಒಬಿಡಿ’ ಕಿಂಡಿಯ ಮೂಲಕ. ಕೀಲಿ ಕಳೆದುಹೋದಾಗ ಹೊಸ ಕೀಲಿಯನ್ನು ಕಾರಿಗೆ ಪರಿಚಯಿಸಲೂ ಇದೇ ದಾರಿ ಬಳಕೆಯಾಗುತ್ತದೆ. ಗಾಜು ಒಡೆದು ಒಳಹೊಕ್ಕ ಕಳ್ಳನ ಬಳಿ ಅಂಥ ಸಾಧನವಿದ್ದರೆ ಆತನೂ ಖಾಲಿ ಕೀಲಿಯೊಂದನ್ನು ಕಾರಿಗೆ ಪರಿಚಯಿಸಬಲ್ಲ. ಈ ಕಿಂಡಿಗೆ ಹಾಕುವ ಲೋಹದ ಮುಚ್ಚಳ ಮತ್ತು ಬೀಗಗಳು ಲಭ್ಯವಿವೆ. ಇವು ಕಳ್ಳನನ್ನು ಸಂಪೂರ್ಣ ತಡೆಯದಿದ್ದರೂ ಕೆಲಸವನ್ನು ನಿಧಾನಗೊಳಿಸುತ್ತವೆ.

ಇದಕ್ಕಿಂತ ಹೊಸದಾದ ಇನ್ನೊಂದು ವಿಧಾನವಿದೆ. 2022ರಲ್ಲಿ ಲಂಡನ್ನಿನಲ್ಲಿ ವಾಹನಗಳ ಸೈಬರ್ ಸುರಕ್ಷತೆಯನ್ನೇ ಅಧ್ಯಯನ ಮಾಡುವ ತಜ್ಞರೊಬ್ಬರ ಕಾರು ಮನೆಯ ಮುಂದಿನಿಂದ ಕಳವಾಯಿತು. ಅದಕ್ಕೆ ಮೊದಲು ಮುಂಭಾಗದ ಬಂಪರ್ ಎಳೆದಾಡಿದ, ಹೆಡ್‌ಲೈಟ್‌ನ ತಂತಿ ಕಿತ್ತ ಗುರುತುಗಳು ಕಂಡಿದ್ದವು. ಹೆಡ್‌ಲೈಟ್‌ಗೆ ಹೋಗುವ ತಂತಿಯ ಮೂಲಕ ಕಾರಿನ ಒಳಜಾಲಕ್ಕೆ ಸುಳ್ಳು ಸಂದೇಶ ತೂರಿಸಿ ‘ಕೀಲಿ ಇಲ್ಲಿದೆ’ ಎಂದು ನಂಬಿಸುವ ವಿಧಾನ ಅದೆಂದು 2023ರಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸಿತು. ರಾತ್ರೋರಾತ್ರಿ ಬಂಪರ್ ಸಡಿಲವಾಗಿದ್ದರೆ, ದೀಪದ ಬಳಿಯ ಪ್ಲಾಸ್ಟಿಕ್ ಹೊದಿಕೆ ಕಿತ್ತಿದ್ದರೆ ಅದನ್ನು ಯಾರೋ ಹುಡುಗರ ತುಂಟತನವೆಂದು ತಳ್ಳಿಹಾಕಬಾರದು ಎಂಬುದು ಈ ಪ್ರಕರಣ ಕಲಿಸುವ ಪಾಠ.

ಕಣ್ಣಿಗೆ ಕಾಣುವ ಬೀಗ

ವಿದ್ಯುನ್ಮಾನ ಕಳ್ಳತನದ ಕಾಲದಲ್ಲಿ ಹಳೆಯ ಕಬ್ಬಿಣದ ಬೀಗಕ್ಕೆ ಮತ್ತೆ ಬೆಲೆ ಬಂದಿದೆ. ಕಾರಣ ಸ್ಪಷ್ಟ. ರೇಡಿಯೋ ಸಂಕೇತ ಕದಿಯುವ ಸಾಧನಕ್ಕೆ ಕಬ್ಬಿಣವನ್ನು ಕತ್ತರಿಸಲು ಬರುವುದಿಲ್ಲ. ಅದಕ್ಕೆ ಬೇರೆ ಉಪಕರಣ ಬೇಕು, ಬೇರೆ ಸಮಯ ಬೇಕು, ಸದ್ದೂ ಆಗುತ್ತದೆ.

ಸ್ಟಿಯರಿಂಗ್ ಚಕ್ರಕ್ಕೆ ಹಾಕುವ ಬೀಗ ಹೊರಗಿನಿಂದಲೇ ಕಾಣುತ್ತದೆ. ಕಾಣುವುದೇ ಅದರ ಗುಣ. ಗಾಢ ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಸ್ಟಿಯರಿಂಗ್‌ನ ಹೊರಬಳೆಯನ್ನು ಕತ್ತರಿಸಿ ಬೀಗ ಕಳಚುವುದುಂಟಾದ್ದರಿಂದ ತೆಳುವಾದ ಸಲಾಕೆಗಿಂತ ಚಕ್ರದ ಹೆಚ್ಚಿನ ಭಾಗವನ್ನು ಆವರಿಸುವ ಬೀಗ ಉತ್ತಮ. ಗೇರ್ ಲಾಕ್ ಕಾರಿನ ಒಡಲಿಗೇ ಬಿಗಿಯಾಗಿ ಕೂರುವುದರಿಂದ ಅದನ್ನು ಬಿಚ್ಚುವುದು ಕಷ್ಟ. ಚಕ್ರಕ್ಕೆ ಹಾಕುವ ಕ್ಲ್ಯಾಂಪ್ ಭಾರವಾದರೂ ಬಹಳ ದಿನ ನಿಲ್ಲುವ ವಾಹನಕ್ಕೆ ಯೋಗ್ಯ.

ಮಾಲೀಕನಿಗೆ ಮಾತ್ರ ತಿಳಿದಿರುವ ಗುಪ್ತ ಸ್ವಿಚ್ ಅಳವಡಿಸುವ ಪದ್ಧತಿಯೂ ಇದೆ. ಇದು ಸ್ಟಾರ್ಟರ್‌ಗೆ ಹೋಗುವ ವಿದ್ಯುತ್ತನ್ನು ತಡೆಯುವಂಥದ್ದಾಗಿರಬೇಕು. ಚಲಿಸುವಾಗ ಇಂಧನ ಪೂರೈಕೆ ಕಡಿತವಾಗುವಂತೆ ಜೋಡಿಸಿದರೆ ಹೆದ್ದಾರಿಯ ನಡುವೆ ಎಂಜಿನ್ ನಿಂತು ಅಪಾಯವಾಗಬಹುದು. ಹೊಸ ಕಾರಿನ ತಂತಿಗಳನ್ನು ಕತ್ತರಿಸಿ ಜೋಡಿಸಿದರೆ ವಾರಂಟಿಗೂ ಧಕ್ಕೆ ಬರಬಹುದಾದ್ದರಿಂದ ಮೊದಲು ಸೇವಾ ಕೇಂದ್ರದವರನ್ನು ವಿಚಾರಿಸಬೇಕು.

ದ್ವಿಚಕ್ರ ವಾಹನಗಳ ಸ್ಥಿತಿ ಇನ್ನಷ್ಟು ನಾಜೂಕು. ಹ್ಯಾಂಡಲ್ ಲಾಕ್ ಬಲವಾದ ಒಂದು ಒದೆತಕ್ಕೆ ಮುರಿಯಬಹುದು. ಮುರಿಯದಿದ್ದರೂ ಇಬ್ಬರು ಸೇರಿ ಬೈಕನ್ನು ಎತ್ತಿ ಸರಕು ವಾಹನಕ್ಕೆ ಹಾಕಿಕೊಂಡು ಹೋಗಬಹುದು. ಡಿಸ್ಕ್ ಲಾಕ್ ಚಕ್ರ ಉರುಳುವುದನ್ನು ತಡೆಯುತ್ತದೆ, ಎತ್ತುವುದನ್ನು ತಡೆಯದು. ಆದ್ದರಿಂದ ಗಟ್ಟಿ ಸರಪಳಿಯಿಂದ ಗೇಟಿನ ಕಂಬಕ್ಕೋ ನೆಲದಲ್ಲಿ ಕಾಂಕ್ರೀಟ್ ಹಾಕಿ ಹುದುಗಿಸಿದ ಕಬ್ಬಿಣದ ಬಳೆಗೋ ಕಟ್ಟುವುದು ಲೇಸು. ಸರಪಳಿಯನ್ನು ಚಕ್ರದ ಅಂಚಿಗೆ ಮಾತ್ರ ಸುತ್ತದೆ ಬೈಕಿನ ಚೌಕಟ್ಟಿನ ಮೂಲಕವೂ ಹಾಯಿಸಬೇಕು. ಅದು ನೆಲಕ್ಕೆ ತಾಗದಂತಿರಬೇಕು. ನೆಲಕ್ಕೆ ತಾಗಿದ ಸರಪಳಿಯನ್ನು ಸುತ್ತಿಗೆಯಿಂದ ಬಡಿದು ಒಡೆಯುವುದು ಸುಲಭ. ಮನೆಯಲ್ಲಿ ಕಾರು, ಬೈಕು ಎರಡೂ ಇದ್ದರೆ ಕಾರಿನ ಹಿಂದೆ, ಗೋಡೆಯ ಕಡೆಗೆ ಬೈಕು ನಿಲ್ಲಿಸಬಹುದು.

ಜಾಗ, ಬೆಳಕು, ಕ್ಯಾಮೆರಾ

ಆವರಣದೊಳಗೆ ಜಾಗವಿದ್ದೂ ರಸ್ತೆಯಲ್ಲಿ ವಾಹನ ಬಿಡುವುದು ಸಲ್ಲದು. ಒಳಗೆ ನಿಲ್ಲಿಸಿ ಗೇಟಿಗೆ ಬೀಗ ಹಾಕಿದರೆ ಕಳ್ಳ ದಾಟಬೇಕಾದ ಅಡ್ಡಿ ಒಂದು ಹೆಚ್ಚಾದಂತೆ. ಗೇಟನ್ನು ಹಿಂಜಿನಿಂದಲೇ ಮೇಲೆತ್ತಿ ತೆಗೆಯಲು ಬರುವಂತಿದ್ದರೆ ಬೆಸುಗೆ ಹಾಕಿಸಿ ಸರಿಪಡಿಸಬೇಕು. ರಸ್ತೆಯಲ್ಲೇ ನಿಲ್ಲಿಸುವುದು ಅನಿವಾರ್ಯವಾದರೆ ಬೀದಿದೀಪದ ಕೆಳಗೆ, ಮನೆಯ ಕಿಟಕಿಗೆ ಕಾಣುವಂತೆ ನಿಲ್ಲಿಸಬೇಕು. ಕೆಟ್ಟುಹೋದ ಬೀದಿದೀಪದ ಬಗ್ಗೆ ಸ್ಥಳೀಯ ಸಂಸ್ಥೆಗೆ ದೂರು ಕೊಡುವುದೂ ವಾಹನ ರಕ್ಷಣೆಯ ಕೆಲಸವೇ. ಚಲನೆ ಕಂಡಾಗ ಮಾತ್ರ ಹೊತ್ತಿಕೊಳ್ಳುವ ದೀಪಕ್ಕೆ ವಿದ್ಯುತ್ ಖರ್ಚು ಕಡಿಮೆ, ಎಚ್ಚರಿಸುವ ಗುಣ ಹೆಚ್ಚು.

ಕ್ಯಾಮೆರಾ ಕಳವನ್ನು ತಡೆಯುವುದಕ್ಕಿಂತ ತನಿಖೆಗೆ ನೆರವಾಗುವುದೇ ಹೆಚ್ಚು. ಅದಕ್ಕಾಗಿ ಚಿತ್ರ ಬಳಕೆಗೆ ಬರುವಂತಿರಬೇಕು. ಬಹಳ ಎತ್ತರದಲ್ಲಿ ಕೂರಿಸಿದ ಕ್ಯಾಮೆರಾದಲ್ಲಿ ಕಾಣುವುದು ತಲೆಯ ಟೋಪಿ ಮಾತ್ರ, ಮುಖವಲ್ಲ. ರಾತ್ರಿ ನೋಂದಣಿ ಫಲಕ ಓದಲು ಬರುತ್ತದೆಯೇ, ಗಡಿಯಾರದ ಸಮಯ ಸರಿಯಾಗಿದೆಯೇ, ಎಷ್ಟು ದಿನಗಳ ದೃಶ್ಯ ಉಳಿಯುತ್ತದೆ ಎಂಬುದನ್ನು ಆಗಾಗ್ಗೆ ಪರೀಕ್ಷಿಸಬೇಕು. ದೃಶ್ಯ ದಾಖಲಿಸುವ ಪೆಟ್ಟಿಗೆಯನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಬಾರದು.

ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆ ಸುರಕ್ಷಿತವೆಂಬ ಭಾವನೆ ಸಾಮಾನ್ಯ. ಆದರೆ ಒಳಬರುವವರನ್ನು ಪ್ರಶ್ನಿಸುವ ಕಾವಲುಗಾರ, ಹೊರಹೋಗುವ ವಾಹನವನ್ನು ಪ್ರಶ್ನಿಸದೆ ಗೇಟು ತೆರೆಯುವುದೇ ಹೆಚ್ಚು. ನಿವಾಸಿಗಳ ವಾಹನಕ್ಕೆ ಅಂಟುಚೀಟಿ, ರಾತ್ರಿ ಹೊರಹೋಗುವ ವಾಹನಗಳ ದಾಖಲೆ, ಅಪರಿಚಿತ ಚಾಲಕನಿದ್ದರೆ ಮನೆಗೊಂದು ಕರೆ ಎಂಬ ಮೂರು ನಿಯಮಗಳನ್ನು ನಿವಾಸಿಗಳ ಸಂಘ ಜಾರಿಗೆ ತಂದರೆ ಸಾಕಷ್ಟು ಪ್ರಯೋಜನವಾಗುತ್ತದೆ.

ತಿಂಗಳುಗಟ್ಟಲೆ ನಿಲ್ಲುವ ವಾಹನ

ಪ್ರವಾಸಕ್ಕೆಂದು ಹಾಸಿಗೆ, ಅಡುಗೆ ಒಲೆ, ನೀರಿನ ಟ್ಯಾಂಕ್ ಜೋಡಿಸಿದ ಕ್ಯಾರವಾನ್‌ಗಳು ನಮ್ಮಲ್ಲೂ ಕಾಣಿಸಿಕೊಳ್ಳುತ್ತಿವೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಕೇಂದ್ರ ಸರಕಾರದ ವರ್ಗೀಕರಣದಲ್ಲಿ ಸಾರಿಗೆಯೇತರ ವಾಹನಗಳ ಸಾಲಿಗೆ ಸೇರಿದೆ. ಇಂಥ ವಾಹನ ವರ್ಷದ ಬಹುಪಾಲು ಮನೆಯ ಮುಂದೆಯೇ ನಿಲ್ಲುತ್ತದೆ. ಮಕ್ಕಳು ವಿದೇಶದಲ್ಲಿದ್ದು ಹಿರಿಯರ ಮನೆಯಲ್ಲಿ ಉಳಿದ ಕಾರಿನದೂ ಇದೇ ಕಥೆ. ಟೈರಿನ ಸುತ್ತ ಎಲೆ ಬಿದ್ದಿರುವುದು, ಗಾಜಿನ ಮೇಲೆ ದೂಳು ಕೂತಿರುವುದು ಕಳ್ಳನಿಗೆ ಸಿಗುವ ಮೊದಲ ಸುಳಿವು. ವಾರಕ್ಕೊಮ್ಮೆ ಒರೆಸುವುದು, ಸ್ಥಳ ಬದಲಿಸುವುದು, ಚಕ್ರಕ್ಕೆ ಕ್ಲ್ಯಾಂಪ್ ಹಾಕುವುದು, ದೀರ್ಘ ಕಾಲ ಬಳಸದಿದ್ದರೆ ಬ್ಯಾಟರಿಯ ಸಂಪರ್ಕ ತೆಗೆಯುವುದು ಸೂಕ್ತ. ಆದರೆ ಬ್ಯಾಟರಿ ತೆಗೆದರೆ ಸೈರನ್, ಟ್ರ್ಯಾಕರ್ ಕೂಡ ಕೆಲಸ ನಿಲ್ಲಿಸಬಹುದು ಎಂಬುದು ನೆನಪಿರಬೇಕು. ನಂತರ ಜೋಡಿಸಿದ ವಿದ್ಯುತ್ ಉಪಕರಣಗಳ ಮೌಲ್ಯವನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸದಿದ್ದರೆ ಅವುಗಳಿಗೆ ಪರಿಹಾರ ಸಿಗುವುದಿಲ್ಲ.

ಟ್ರ್ಯಾಕರ್ ಮತ್ತು ಬಿಡಿಭಾಗ

ಜಿಪಿಎಸ್ ಟ್ರ್ಯಾಕರ್ ಕಳವನ್ನು ತಡೆಯುವ ಸಾಧನವಲ್ಲ, ಕಳವಾದದ್ದನ್ನು ಹುಡುಕಿಕೊಡುವ ಸಾಧನ. ಉಪಗ್ರಹದಿಂದ ತಿಳಿದ ಸ್ಥಾನವನ್ನು ಅದು ಸಿಮ್ ಮೂಲಕ ಮೊಬೈಲ್ ಜಾಲಕ್ಕೆ ಕಳುಹಿಸುತ್ತದೆ. ನೆಲಮಾಳಿಗೆಯಲ್ಲಿ ಸಂಕೇತ ಸಿಗದಿರಬಹುದು, ಸಿಮ್‌ನ ಅವಧಿ ಮುಗಿದಿರಬಹುದು, ಕಳ್ಳ ಕಾರಿನ ಬ್ಯಾಟರಿ ತೆಗೆಯಬಹುದು. ಆದ್ದರಿಂದ ತನ್ನದೇ ಬ್ಯಾಟರಿ ಇರುವ, ಸುಲಭವಾಗಿ ಕೈಗೆ ಸಿಗದ ಜಾಗದಲ್ಲಿ ಕೂರಿಸಿದ ಟ್ರ್ಯಾಕರ್ ಉತ್ತಮ. ವಾಹನ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ಕಂಡಾಗ ಮಾಲೀಕರು ತಾವೇ ಬೆನ್ನಟ್ಟಿ ಹೋಗದೆ ಆ ಮಾಹಿತಿಯನ್ನು ಪೊಲೀಸರಿಗೆ ಕೊಡಬೇಕು.

ಇಡೀ ವಾಹನವನ್ನೇ ಕದಿಯಬೇಕೆಂದಿಲ್ಲ. ಹೊಗೆ ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುತ್ತವೆ. ಇವುಗಳಿಗಾಗಿ ಮಾರುತಿ ಈಕೋ ವಾಹನಗಳ ಸೈಲೆನ್ಸರ್ ಕದಿಯುವ ತಂಡಗಳನ್ನು ಗುಜರಾತ್ ಮತ್ತು ಮಹಾರಾಷ್ಟ್ರದ ಪೊಲೀಸರು ಬಂಧಿಸಿದ್ದುಂಟು. ಗೋಡೆಗೆ ಹತ್ತಿರವಾಗಿ, ಅಡಿಗೆ ನುಸುಳಲು ಜಾಗ ಸಿಗದಂತೆ ವಾಹನ ನಿಲ್ಲಿಸುವುದು ಇದಕ್ಕೆ ಮದ್ದು. ಅಲಾಯ್ ಚಕ್ರಗಳಿಗೆ ವಿಶೇಷ ಕೀಲಿಯಿಂದ ಮಾತ್ರ ತೆರೆಯುವ ನಟ್ಟುಗಳು ಸಿಗುತ್ತವೆ.

ನೋಂದಣಿ ಫಲಕವೂ ಕಳ್ಳರಿಗೆ ಬೇಕಾದ ವಸ್ತುವೇ. ಒಂದು ವಾಹನದ ಫಲಕ ಕಿತ್ತು ಕದ್ದ ವಾಹನಕ್ಕೆ ಹಾಕುವುದನ್ನು ತಡೆಯಲು ಅತಿ ಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಬಂದಿದೆ. ಕ್ರೋಮಿಯಂ ಹೊಲೊಗ್ರಾಂ, ಲೇಸರ್‌ನಿಂದ ಕೊರೆದ ಸಂಖ್ಯೆ ಹಾಗೂ ಒಮ್ಮೆ ಕಿತ್ತರೆ ಮತ್ತೆ ಬಳಸಲಾಗದ ಲಾಕ್ ಇದರ ಲಕ್ಷಣಗಳು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಇದು ಕಡ್ಡಾಯವಾಯಿತು. ಅದಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅಳವಡಿಸುವಂತೆ ರಾಜ್ಯ ಸರಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು.

ವಿಮೆ ಇದೆ, ಆದರೆ ಯಾವುದು?

ಕಳವಾದ ಮೇಲೆ ಅನೇಕರಿಗೆ ಆಘಾತ ನೀಡುವುದು ವಿಮಾ ಪಾಲಿಸಿಯ ಒಂದು ಸಾಲು. ಕಾನೂನು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ವಿಮೆ, ನಮ್ಮ ವಾಹನದಿಂದ ಇತರರಿಗಾಗುವ ಹಾನಿಗೆ ಮಾತ್ರ ಸಂಬಂಧಿಸಿದ್ದು. ವಾಹನ ಕಳವಾದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಳವಿಗೆ ಪರಿಹಾರ ಸಿಗುವುದು ಸ್ವಂತ ಹಾನಿ ವಿಮೆ ಇದ್ದರೆ ಮಾತ್ರ.

ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಗೇ ಪಡೆಯಬೇಕು. ಇದರೊಂದಿಗೆ ಕೊಡುವ ಸ್ವಂತ ಹಾನಿ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ಪಾಲಿಸಿಯ ಮೇಲೆ ಐದು ವರ್ಷದ ದಿನಾಂಕ ನೋಡಿದ ಸ್ಕೂಟರ್ ಮಾಲೀಕ ವಿಮೆ ಇನ್ನೂ ಇದೆ ಎಂದು ನೆಮ್ಮದಿಯಾಗಿರುತ್ತಾನೆ. ಸ್ವಂತ ಹಾನಿಯ ಭಾಗ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಕಳವಾದ ದಿನವಷ್ಟೇ ಈ ಸತ್ಯ ತಿಳಿಯುತ್ತದೆ. ಸ್ವಂತ ಹಾನಿ ವಿಮೆಯನ್ನು ಪ್ರತ್ಯೇಕವಾಗಿ ಕೊಳ್ಳಲು 2019ರ ಸೆಪ್ಟೆಂಬರ್‌ನಿಂದ ಅವಕಾಶವಿದೆ. ಪಾಲಿಸಿಯಲ್ಲಿ ಎರಡು ಅವಧಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ, ಎರಡನ್ನೂ ಓದಬೇಕು.

ಪರಿಹಾರದ ಮೊತ್ತ ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯವನ್ನು (ಐಡಿವಿ) ಅವಲಂಬಿಸಿದೆ. ಕಂಪನಿಯ ಮಾರಾಟ ಬೆಲೆಯಿಂದ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಇದನ್ನು ಲೆಕ್ಕ ಹಾಕುತ್ತಾರೆ. ಒಂದರಿಂದ ಎರಡು ವರ್ಷದ ವಾಹನಕ್ಕೆ ಶೇ 20, ಎರಡರಿಂದ ಮೂರು ವರ್ಷಕ್ಕೆ ಶೇ 30, ಮೂರರಿಂದ ನಾಲ್ಕು ವರ್ಷಕ್ಕೆ ಶೇ 40, ನಾಲ್ಕರಿಂದ ಐದು ವರ್ಷಕ್ಕೆ ಶೇ 50ರಷ್ಟು ಸವಕಳಿ. ಮಾರಾಟ ಬೆಲೆ 10 ಲಕ್ಷ ರೂಪಾಯಿಯಾಗಿದ್ದರೆ ಮೂರು ವರ್ಷ ದಾಟಿದ ಕಾರಿನ ಮೌಲ್ಯ ಸುಮಾರು 6 ಲಕ್ಷ. ಕಂತು ಕಡಿಮೆಯಾಗಲೆಂದು ಈ ಮೌಲ್ಯವನ್ನು ಇನ್ನಷ್ಟು ಇಳಿಸಿಕೊಂಡವರಿಗೆ ಪರಿಹಾರವೂ ಅಷ್ಟೇ ಕಡಿಮೆ. ಸಾಲವಿದ್ದರೆ ಬಂದ ಹಣದಲ್ಲಿ ಮೊದಲ ಪಾಲು ಸಾಲ ಕೊಟ್ಟ ಸಂಸ್ಥೆಗೆ ಹೋಗುತ್ತದೆ.

ಕೀಲಿಯ ವಿಷಯವೂ ಮುಖ್ಯ. ವಾಹನದ ಎಲ್ಲ ಕೀಲಿಗಳನ್ನೂ ಒಪ್ಪಿಸುವಂತೆ ವಿಮಾ ಕಂಪನಿ ಕೇಳುತ್ತದೆ. ಒಂದು ಕೀಲಿ ಇಲ್ಲದಿದ್ದರೆ ಅದನ್ನು ವಾಹನದಲ್ಲೇ ಬಿಟ್ಟಿರಬಹುದೆಂಬ ಅನುಮಾನ ಹುಟ್ಟಿ ತಕರಾರು ಬರುತ್ತದೆ. ಕೀಲಿ ಕಳೆದಾಗಲೇ ಪೊಲೀಸರಿಗೆ ತಿಳಿಸಿ ದಾಖಲೆ ಪಡೆದು, ಕಳೆದ ಕೀಲಿ ಕೆಲಸ ಮಾಡದಂತೆ ಸೇವಾ ಕೇಂದ್ರದಲ್ಲಿ ರದ್ದುಪಡಿಸಬೇಕು. ಮೂಲ ದಾಖಲೆಗಳನ್ನು ಕಾರಿನಲ್ಲಿ ಇಡುವ ಅಗತ್ಯ ಈಗಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳನ್ನು ತಪಾಸಣೆಯ ವೇಳೆ ತೋರಿಸಲು 2018ರಿಂದ ಮಾನ್ಯತೆಯಿದೆ.

ಕಳವಾದ ಮೇಲೆ

ವಾಹನ ನಿಲ್ಲಿಸಿದ ಜಾಗದಲ್ಲಿಲ್ಲ ಎಂದು ಕಂಡೊಡನೆ ಮನೆಯವರು ಯಾರಾದರೂ ಒಯ್ದಿದ್ದಾರೆಯೇ, ಸಂಚಾರ ಪೊಲೀಸರು ಎತ್ತಿಕೊಂಡು ಹೋಗಿದ್ದಾರೆಯೇ ಎಂಬುದನ್ನು ವಿಚಾರಿಸಬೇಕು. ಕಳವೆಂದು ಖಚಿತವಾದರೆ 112ಕ್ಕೆ ಕರೆ ಮಾಡಿ, ತಡಮಾಡದೆ ಠಾಣೆಯಲ್ಲಿ ದೂರು ದಾಖಲಿಸಬೇಕು. ನೋಂದಣಿ ಸಂಖ್ಯೆಯ ಜೊತೆಗೆ ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಬಣ್ಣ, ಗೀರು, ತಗ್ಗುಗಳಂಥ ಗುರುತು, ಫಾಸ್ಟ್ಯಾಗ್ ವಿವರ ಕೊಡಬೇಕು. ಟೋಲ್ ದಾಟಿದ ಸಂದೇಶ ಮೊಬೈಲ್‌ಗೆ ಬಂದರೆ ವಾಹನ ಹೋದ ದಿಕ್ಕು ತಿಳಿಯುವುದರಿಂದ ಪೊಲೀಸರನ್ನು ಕೇಳದೆ ಫಾಸ್ಟ್ಯಾಗ್ ರದ್ದುಪಡಿಸುವ ಆತುರ ಬೇಡ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ದೂರುದಾರರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದ ಕಳವಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ.

ವಿಮಾ ಕಂಪನಿಗೂ ಅದೇ ದಿನ ಲಿಖಿತವಾಗಿ ತಿಳಿಸುವುದು ಸರಿಯಾದ ಕ್ರಮ. ತಕ್ಷಣ ಪ್ರಥಮ ವರ್ತಮಾನ ವರದಿ ದಾಖಲಾಗಿದ್ದರೆ, ವಿಮಾ ಕಂಪನಿಗೆ ತಿಳಿಸುವಲ್ಲಿ ಆದ ವಿಳಂಬವೊಂದನ್ನೇ ಕಾರಣವಾಗಿಸಿ ನಿಜವಾದ ಕಳವಿನ ಪರಿಹಾರವನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಪೊಲೀಸರಿಗೆ ದೂರು ಕೊಡುವುದನ್ನೇ ತಡಮಾಡಿದವರಿಗೆ ಈ ತೀರ್ಪಿನ ಆಸರೆ ಸಿಗುವುದು ಕಷ್ಟ. ವಾಹನ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ವರದಿಯ ಪ್ರತಿಯನ್ನು ವಿಮಾ ಕಂಪನಿ ಕೇಳುತ್ತದೆ. ಸಾರಿಗೆ ಕಚೇರಿಗೆ ಕಳವಿನ ವಿಷಯ ತಿಳಿಸುವುದು, ಸಾಲ ಕೊಟ್ಟ ಸಂಸ್ಥೆಗೆ ಪತ್ರ ಬರೆಯುವುದು ಕೂಡ ಮರೆಯಬಾರದ ಕೆಲಸಗಳು. ಪರಿಹಾರ ಬರುವವರೆಗೆ ಸಾಲದ ಕಂತು ನಿಲ್ಲಿಸಿದರೆ ದಂಡ ಬೀಳುತ್ತದೆ.

ಮೊದಲು ಯಾವುದು?

ಇವೆಲ್ಲವನ್ನೂ ಒಂದೇ ದಿನ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಖರ್ಚಿಲ್ಲದ ಕೆಲಸಗಳಿಂದ ಆರಂಭಿಸಬಹುದು. ಕೀಲಿಯ ಜಾಗ ಬದಲಿಸುವುದು, ಎರಡೂ ಕೀಲಿಗಳಿವೆಯೇ ಎಂದು ನೋಡುವುದು, ಪಾಲಿಸಿಯಲ್ಲಿ ಸ್ವಂತ ಹಾನಿಯ ದಿನಾಂಕ ಓದುವುದು, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಂದು ಸಂಜೆಯ ಕೆಲಸ. ನಂತರ ಸ್ಟಿಯರಿಂಗ್ ಬೀಗ ಅಥವಾ ಬೈಕಿನ ಸರಪಳಿ, ಗೇಟಿನ ದುರಸ್ತಿ, ದೀಪ. ಟ್ರ್ಯಾಕರ್ ಮತ್ತು ಕ್ಯಾಮೆರಾ ಅದರ ಮುಂದಿನ ಹಂತ. ಆಟೋ ಓಡಿಸಿ ಬದುಕುವವರೂ ಸಾಲದ ಕಾರು ಕೊಂಡವರೂ ಈ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸ್ವಂತ ಹಾನಿ ವಿಮೆಯ ಕೊನೆಯ ದಿನಾಂಕವನ್ನು.